ಮಾಟಗಾತಿಗೆ ಇಟ್ಟ ಮುಖ

ಹಲಗೆಗೆ ಬಳಿಯುವ ಮೊಲದ ತೊಗಲಿನ ಅಂಟು ತಳ ಹಿಡಿಯುತ್ತಿದೆ, ವಾಸನೆ ಬರುತ್ತಿದೆ, ಎದ್ದು ಮಡಕೆ ಇಳಿಸಬೇಕು, ಆದರೆ ನಗರಸಭೆಯ ಗುಮಾಸ್ತ ಡೀಬೋಲ್ಟ್ ಒಲೆಗೆ ಅಡ್ಡ ನಿಂತಿದ್ದಾನೆ, ಕಂಕುಳಲ್ಲಿ ಚಿತ್ರದ ಹಲಗೆ — ಚಿತ್ರಗಾರ ವೆಂಡೆಲ್‌ನೇ ಬರೆದದ್ದು, ಹೋದ ಚಳಿಗಾಲ, ಉಣ್ಣೆ ವ್ಯಾಪಾರಿಯ ಖಾಸಗಿ ಕೋಣೆಗೆಂದು: ಮೂವರು ಬೆತ್ತಲೆ ಮಾಟಗಾತಿಯರು, ಒಂದು ಹೋತ, ಉಕ್ಕುವ ಗಡಿಗೆ. ಹೊಗೆ ಚೆನ್ನಾಗಿ ಬಂದಿದೆ, ಹೋತದ ಹಿಂಗಾಲು ಸರಿಯಿಲ್ಲ. ಗಂಡಸರು ಊಟವಾದ ಮೇಲೆ ದ್ರಾಕ್ಷಾರಸ ಹೀರುತ್ತ ನೋಡಿ ನಗುವುದಕ್ಕೆ ಬರೆಸಿಕೊಳ್ಳುವ ಚಿತ್ರ, ಹೆಂಗಸರಿಗಲ್ಲ, ಆದರೆ ವ್ಯಾಪಾರಿಯ ಹೆಂಡತಿಗೆ ಬಸಿರು ಇಳಿಯಿತು, ಆ ಸಂಕಟದಲ್ಲಿ ಗಂಡನ ಕೋಣೆಗೆ ಹೋದಳು, ನೋಡಿದಳು, ಈ ನಡುವಿನವಳು ಊರ ಸ್ನಾನಗೃಹದ ಕೆಲಸದವಳು ಎನ್ನೆಲಿನ್, ಮದ್ದೆಂದು ನನ್ನ ಬೆನ್ನಿಗೆ ಕೊಂಬು ಹಚ್ಚಿ ರಕ್ತ ತೆಗೆದವಳು ಎಂದು ಚೀರಿದಳಂತೆ. ಬೆಳಿಗ್ಗೆ ಎನ್ನೆಲಿನ್‌ಳನ್ನು ಸೆರೆಮನೆಯ ಗೋಪುರಕ್ಕೆ ಒಯ್ದಿದ್ದಾರೆ.

ಎನ್ನೆಲಿನ್ — ಒದ್ದೆ ಕೂದಲು ಹಿಂಡಲು ಎತ್ತಿದ ಬಲಗೈ, ಮೊಣಕೈತನಕ ಇಳಿದು ಅಲ್ಲೇ ತೂಗುವ ಒಂದು ಹನಿ. ಮರ್ಯಾದಸ್ಥರ ಮನೆಯವಳು ಯಾರು ಬೆತ್ತಲೆ ನಿಲ್ಲುತ್ತಾಳೆ, ಊರಿನ ಚಿತ್ರಗಾರರೆಲ್ಲ ಹೋಗುವುದು ಸ್ನಾನಗೃಹಕ್ಕೇ, ಯಾರೂ ಬಾಯಿಬಿಡುವುದಿಲ್ಲ ಅಷ್ಟೆ. ಕೈ ಇಳಿಸ್ಲಾ ಮೇಷ್ಟ್ರೇ, ಜೋಮು ಹಿಡೀತು, ನಿಮ್ಮ ಮಾಟಗಾತೀರಿಗೆ ಭುಜ ನೋಯಲ್ವಾ. ಇನ್ನೊಂಚೂರು ತಡಿಯೇ. ಅಂದು ಅವಳನ್ನು ಗೀಚಿಕೊಂಡ ಕಾಗದ ಪೆಟ್ಟಿಗೆ ಸೇರಿತು, ಒಳ್ಳೆಯ ಮುಖ ಸಿಕ್ಕರೆ ಹತ್ತು ಕಡೆ ಬಳಸುವುದು ಕಸುಬಿನ ಪದ್ಧತಿ, ಈಸ್ಟರಿಗೆ ಮುಂಚೆ ಅದನ್ನೇ ತೆಗೆದ, ತಲೆಗೆ ಬಿಳಿ ಮುಸುಕು ಹೊದಿಸಿದ, ಹಸಿರು ನಿಲುವಂಗಿ ತೊಡಿಸಿದ, ಈಗ ಚರ್ಚಿನಲ್ಲಿ ಪೀಠದ ಮೇಲಿನ ಚಿತ್ರದಲ್ಲಿ ದೇವಮಾತೆಯ ತಾಯಿ, ಬಸುರಿಯರು ಮೊರೆಹೋಗುವ ಸಂತ ಅನ್ನಳಾಗಿ ಕೂತಿರುವುದು ಎನ್ನೆಲಿನ್‌ಳೇ. ಇದೇ ಬಸಿರು ನಿಲ್ಲಲೆಂದು ವ್ಯಾಪಾರಿಯ ಹೆಂಡತಿ ಹರಕೆಯ ಮೇಣದಬತ್ತಿ ಹಚ್ಚಿದ್ದೂ ಆ ಮುಖದ ಮುಂದೆಯೇ. ಗುರುತು ಹತ್ತಲಿಲ್ಲ, ಒಂದು ಮುಸುಕು ಸಾಕು ಜನಕ್ಕೆ.

ಎನ್ನೆಲಿನ್‌ಳನ್ನು ನಿಲ್ಲಿಸಿ ಬರೆದೆ, ಬರೀ ಕೂಲಿಗೆ ನಿಂತಿದ್ದಳು ಎಂದು ಗುಮಾಸ್ತನಿಗೆ ಹೇಳಿದರೆ ಅವಳು ಸಂಜೆಗೆ ಮನೆ ಸೇರುತ್ತಾಳೆ. ಆದರೆ ಕಾಗದ ಎಲ್ಲಿ ಎಂದು ಕೇಳುತ್ತಾರೆ, ಕಾಗದ ಕಂಡರೆ ಅನ್ನಳನ್ನೂ ಕಾಣುತ್ತಾರೆ, ದೇವರ ಅಜ್ಜಿಗೆ ಸ್ನಾನಗೃಹದವಳ ಮುಖವೇ, ಪೀಠದ ಚಿತ್ರ ಇಳಿಸುತ್ತಾರೆ, ಚಿತ್ರಗಾರರ ಸಂಘದಿಂದ ಹೆಸರು ಹೊಡೆಯುತ್ತಾರೆ, ಬಾಯಿ ಬಿಟ್ಟರೆ ಬಣ್ಣಗೇಡು. ವೆಂಡೆಲ್‌ಗೆ ಹೆದರಿಕೆಯಾಗಿದೆ, ಅದನ್ನು ಅವನು ದೂರದಿಂದ ನೋಡುತ್ತಾನೆ, ಬೇರೆಯವರ ಕುಂಚದ ಕೆಲಸ ನೋಡುವ ಹಾಗೆ. ಹಾವೂ ಸಾಯದೆ ಕೋಲೂ ಮುರಿಯದೆ ಇರುವ ಮಾತೊಂದಿದೆಯಲ್ಲ.

ಡೀಬೋಲ್ಟ್ ಹಲಗೆ ಎತ್ತಿ ಹಿಡಿದ. ಯಾರನ್ನ ನೋಡಿ ಬರೆದ್ರಿ ಮೇಷ್ಟ್ರೇ? ಯಾರನ್ನೂ ಇಲ್ಲ, ತಲೇಲಿ ಹುಟ್ಟಿದ್ದು. ಆ ಎನ್ನೆಲಿನ್‌ಳನ್ನ? ಅವಳನ್ನ ನಾನು ಕಂಡೇ ಇಲ್ಲ. ಆಣೆ? ಆಣೆ. ಗುಮಾಸ್ತ ಉಸಿರು ಬಿಟ್ಟ, ಶಿಲುಬೆಯ ಗುರುತು ಹಾಕಿಕೊಂಡ, ಕನಿಕರದಿಂದ ವೆಂಡೆಲ್‌ನ ಭುಜ ಮುಟ್ಟಿದ. ಹಂಗಾದ್ರೆ ಅವಳೇ ನಿಮ್ಮ ತಲೆಯೊಳಗೆ ಹೊಕ್ಕು ಬರೆಸಿದಾಳೆ ಮೇಷ್ಟ್ರೇ, ಕಾಣದ ಮುಖ ಇಷ್ಟು ಸರಿಯಾಗಿ ಬೇರೆ ಹೆಂಗೆ ಬರ್ತದೆ, ಇನ್ನು ಬೇರೆ ಸಾಕ್ಷಿ ಬೇಡ.

ಮೆಟ್ಟಿಲಿಳಿಯುವ ಗುಮಾಸ್ತನ ಬೂಟಿನ ಸದ್ದು, ಕೂಗಿದರೆ ಇನ್ನೂ ಕೇಳಿಸುತ್ತದೆ, ಡೀಬೋಲ್ಟ್ ಎಂದರೆ ಸಾಕು, ಬೀದಿಬಾಗಿಲು ತೆರೆಯಿತು, ಗಾಳಿ ಬಂತು, ಈಗಲೂ ಕೂಗಬಹುದು, ಬಾಯಿ ತೆರೆದೇ ಇದೆ, ಆದರೆ ಕಣ್ಣ ಮುಂದೆ ಆ ಕೈ, ಎತ್ತಿದ ಕೈ, ಮೊಣಕೈಯಲ್ಲಿ ಹನಿ, ಬೀಳುತ್ತಿಲ್ಲ, ಬೀಳುತ್ತಿಲ್ಲ —