ಕೆಟ್ಟ ಭ್ರೂಣದ ಕರು

ಪ್ರಯೋಗಾಲಯದ ಮುಖ್ಯಸ್ಥರಿಗೆ ಹಸುವಿನ ಭ್ರೂಣಗಳೆಂದರೆ ಪ್ರಾಣ. ಅಷ್ಟು ಪ್ರೀತಿ ಇದ್ದುದರಿಂದಲೇ ಅವರು ಒಂದನ್ನೂ ಬದುಕಲು ಬಿಡುತ್ತಿರಲಿಲ್ಲ. ಭ್ರೂಣ ಚೆನ್ನಾಗಿದೆಯೇ ಎಂದು ಖಚಿತವಾಗಿ ತಿಳಿಯಬೇಕಾದರೆ ಅದರೊಳಗೆ ಯಾವ ಜೀನ್ ಕೆಲಸಕ್ಕೆ ಹತ್ತಿದೆ, ಯಾವುದು ಇನ್ನೂ ತೂಕಡಿಸುತ್ತಿದೆ ಎಂದು ನೋಡಬೇಕು. ನೋಡಬೇಕಾದರೆ ಅದನ್ನು ಒಡೆದು ಕರಗಿಸಬೇಕು. ಹೀಗಾಗಿ ಖಂಡಿತ ಒಳ್ಳೆಯ ಕರುವಾಗುತ್ತಿತ್ತು ಎಂದು ಸಾಬೀತಾದ ಭ್ರೂಣಗಳೆಲ್ಲ ಅಲ್ಲಿನ ಪುಟ್ಟ ಕೊಳವೆಗಳಲ್ಲಿ ನೀರಾಗಿ ಕುಳಿತಿದ್ದವು.

ಸೂಕ್ಷ್ಮದರ್ಶಕದ ಮುಂದೆ ಕೂತು ಭ್ರೂಣಗಳಿಗೆ ದರ್ಜೆ ಕೊಡುವ ಕೆಲಸ ಸೊಸೆಯದು. ಮುಖ್ಯಸ್ಥರ ಸೊಸೆಯಲ್ಲ; ಊರಾಚೆ ಕೊಟ್ಟಿಗೆ ಇಟ್ಟುಕೊಂಡು ಹಾಲು ಮಾರುವ ಅತ್ತೆಯ ಒಬ್ಬಳೇ ಸೊಸೆ. ದುಂಡಗೆ, ತಿಳಿಯಾಗಿ ಇದ್ದದ್ದು ಒಂದನೇ ದರ್ಜೆ; ತುಸು ಅಂಕುಡೊಂಕಾದದ್ದು ಎರಡನೆಯದು; ಕಪ್ಪಾಗಿ ಮುದುಡಿದ್ದು ‘ಕೆಟ್ಟದ್ದು’. ಮೊದಲೆರಡು ದರ್ಜೆಯವು ಪರೀಕ್ಷೆಗೆ ಹೋಗುತ್ತಿದ್ದವು. ಕೆಟ್ಟವು ಹೊಸ ಪಶುವೈದ್ಯನ ಪಾಲು. ಹೇಗೂ ಬದುಕುವುದಿಲ್ಲವಲ್ಲ, ಯಾವುದಾದರೂ ಕಡಸಿನ ಗರ್ಭಕ್ಕೆ ಸೇರಿಸಿ ಕೈ ಪಳಗಿಸಿಕೊಳ್ಳಲಿ ಎಂದು ಕೊಡುತ್ತಿದ್ದರು. ಸೂಜಿ ಹಿಡಿದರೂ ಅವನ ಕೈ ಅಲ್ಲಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ನಡುಕದ ಡಾಕ್ಟರು.

ಅತ್ತೆಯ ಮುದಿ ಹಸು ಕೆಂಪಿ ಇನ್ನು ಗಬ್ಬ ಕಟ್ಟುವುದಿಲ್ಲ ಎಂದಾದಾಗ ಮುಖ್ಯಸ್ಥರೇ ಕೊಟ್ಟಿಗೆಗೆ ಬಂದಿದ್ದರು. ಕೆಂಪಿಯ ಅಂಡಾಣು ತೆಗೆದು ಭ್ರೂಣ ಬೆಳೆಸುವುದಾಗಿಯೂ, ಒಂದನ್ನು ಅತ್ತೆಯ ಕಪ್ಪುಬಿಳಿ ಕಡಸಿನ ಹೊಟ್ಟೆಗೆ ಹಾಕಿಕೊಡುವುದಾಗಿಯೂ ಮಾತು ಕೊಟ್ಟರು. ದೊಡ್ಡ ಲೋಟದ ತುಂಬ ಬಿಸಿ ಹಾಲು ಕುಡಿದು ಕೊಟ್ಟ ಮಾತು. ಆದರೆ ಭ್ರೂಣಗಳು ಬೆಳೆದದ್ದು ಬೆರಳೆಣಿಕೆಯಷ್ಟು. ಒಂದು ಕಮ್ಮಿಯಾದರೂ ತಮ್ಮ ಫಲಿತಾಂಶ ನೆಟ್ಟಗೆ ನಿಲ್ಲುವುದಿಲ್ಲ ಎಂದು ಮುಖ್ಯಸ್ಥರು ಬಹಳ ನೊಂದುಕೊಂಡು ಹೇಳಿದರು. ಸೊಸೆ ತಲೆಯಾಡಿಸಿದಳು. ಕೆಲಸಕ್ಕೆ ಸೇರಿದಂದಿನಿಂದ ಆಡಿಸಿ ಆಡಿಸಿ ಅವಳ ಕುತ್ತಿಗೆ ಈಗ ಅವಳನ್ನು ಕೇಳದೆಯೇ ಒಪ್ಪಿಬಿಡುತ್ತಿತ್ತು.

ಸಂಜೆ ಹಾಲು ಕರೆಯುತ್ತ ಅತ್ತೆ ಕೇಳಿದಳು. “ಏನಮ್ಮ, ನನ್ನ ಕೆಂಪಿ ಕೂಸು ಹೇಗಿದೆ?”

“ಚೆನ್ನಾಗಿದೆ ಅತ್ತೆ. ದುಂಡಗಿದೆ.”

“ಹಾಗಾದ್ರೆ ಕೊಡಲ್ಲ ಬಿಡು. ಚೆನ್ನಾಗಿರೋದನ್ನೇ ಅಲ್ವಾ ನೀವು ಅರೆಯೋದು?”

ಕೆಂಪಿ ಸೊಸೆಯ ಸೆರಗಿನ ತುದಿ ಬಾಯಿಗೆ ಹಾಕಿಕೊಂಡು, ತನಗೇನೂ ಸಂಬಂಧವಿಲ್ಲ ಎಂಬಂತೆ ಜಗಿಯುತ್ತ ನಿಂತಿತ್ತು.

ಮರುದಿನ ಸೊಸೆ ತಟ್ಟೆಯಲ್ಲಿದ್ದ ಕೆಂಪಿಯ ಭ್ರೂಣಗಳಲ್ಲಿ ಎಲ್ಲಕ್ಕಿಂತ ಚೆಲುವಾದುದನ್ನು ‘ಕೆಟ್ಟದ್ದು’ ಎಂದು ಬೇರೆ ಇಟ್ಟಳು. ಕೈ ಪಳಗಿಸಲು ನಮ್ಮ ಕಡಸೇ ಸಿದ್ಧವಾಗಿದೆ ಎಂದು ನಡುಕದ ಡಾಕ್ಟರಿಗೆ ಹೇಳಿಯೂ ಬಂದಳು. ಅವನು ಬಂದ, ಬೆವರಿದ, ಅತ್ತೆಯ ಕೈಲಿ ಬೈಸಿಕೊಳ್ಳುತ್ತಲೇ ಕೆಲಸ ಮುಗಿಸಿದ.

ದಿನ ತುಂಬಿ ಕಪ್ಪುಬಿಳಿ ಕಡಸು ಕೆಂಪು ಕರು ಹಾಕಿತು. ಹಣೆಯ ಮೇಲೆ ಕೆಂಪಿಗಿದ್ದಂಥದ್ದೇ ಬಿಳಿ ಚುಕ್ಕೆ. ನಡುಕದ ಡಾಕ್ಟರು ಖುಷಿ ತಡೆಯಲಾರದೆ ಪ್ರಯೋಗಾಲಯದಲ್ಲೆಲ್ಲ ಡಂಗುರ ಸಾರಿದ. ಮುಖ್ಯಸ್ಥರು ಊಟ ಬಿಟ್ಟು ಕೊಟ್ಟಿಗೆಗೆ ಓಡಿ ಬಂದರು.

ಕರುವಿನ ಸುತ್ತ ಪ್ರದಕ್ಷಿಣೆ ಹಾಕಿ, ಕೆಟ್ಟ ಭ್ರೂಣವೂ ಕರುವಾಗುತ್ತದೆ ಎಂಬುದನ್ನು ಜಗತ್ತಿನಲ್ಲಿ ಮೊದಲು ಕಂಡವರು ತಾವೇ ಎಂದು ಸಾರಿದರು. ಬರೆಯಲಿರುವ ಪ್ರಬಂಧಕ್ಕೆ ಹೆಸರನ್ನೂ ಕೊಟ್ಟಿಗೆಯಲ್ಲಿ ನಿಂತೇ ಇಟ್ಟರು. ಇನ್ನು ಮೇಲೆ ಒಳ್ಳೆಯವೆಲ್ಲ ಪರೀಕ್ಷೆಗಿರಲಿ, ಹಸು ಸಾಕುವವರಿಗೆ ಧಾರಾಳವಾಗಿ ಕೆಟ್ಟವನ್ನೇ ಹಂಚೋಣ ಎಂದರು. ಸೊಸೆಯ ಕಡೆ ತಿರುಗಿ, “ನಿಮ್ಮ ಕಣ್ಣು ಯಾವತ್ತೂ ತಪ್ಪಿಲ್ಲ. ನೀವು ಕೆಟ್ಟದ್ದು ಅಂದ್ರೆ ಅದು ಕೆಟ್ಟದ್ದೇ,” ಎಂದರು.

ಅವಳ ಕುತ್ತಿಗೆ ಅಭ್ಯಾಸದಂತೆ ಆಡಲು ಹೊರಟಿತು. ಅಷ್ಟರಲ್ಲಿ ಅವಳಿಗೆ ಯಾರ್‍ಯಾರದೋ ಕೊಟ್ಟಿಗೆಗಳು ಕಣ್ಣಿಗೆ ಕಟ್ಟಿದವು: ಮುದುಡಿದ ಭ್ರೂಣ ಹಾಕಿಸಿಕೊಂಡ ಬರಡು ಹೊಟ್ಟೆಯ ಕಡಸುಗಳು, ಇವತ್ತು ನಾಳೆ ಎಂದು ದಾರಿ ಕಾಯುವ ಅತ್ತೆಯಂಥವರು.

“ಅದು ಕೆಟ್ಟಿರ್ಲಿಲ್ಲ ಸರ್. ಒಂದನೇ ದರ್ಜೇದು. ನಾನು ಸುಳ್ಳು ಹೇಳ್ದೆ.”

ಮುಖ್ಯಸ್ಥರ ಮುಖ ಒಡೆದ ಹಾಲಿನಂತಾಯಿತು. ಆದರೆ ಅವರು ಅಷ್ಟು ಸುಲಭಕ್ಕೆ ಪ್ರಬಂಧ ಬಿಡುವವರಲ್ಲ.

“ಒಂದನೇ ದರ್ಜೆ ಅಂತ ನಿಮಗೆ ಹೇಗೆ ಗೊತ್ತು?”

“ನೋಡಿದ್ದೆ ಸರ್.”

“ನೋಡಿದ್ರೆ ಏನು ಗೊತ್ತಾಗುತ್ತೆ? ಒಡೆದು ಕರಗಿಸಿದ್ರೆ ತಾನೇ ಗೊತ್ತಾಗೋದು.”

ಹುಲ್ಲು ತರಲು ಹೋಗಿದ್ದ ಅತ್ತೆಯ ಕಿವಿಗೆ ಬಿದ್ದದ್ದು ಇದೊಂದೇ ಮಾತು. ಅವಳು ಹುಲ್ಲಿನ ಹೊರೆ ಅಲ್ಲೇ ಕೆಡವಿ, ಕರುವನ್ನು ತೋಳಲ್ಲಿ ಎತ್ತಿಕೊಂಡು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಕಿಟಕಿಯಿಂದ, “ಕರುವಿಗೆ ನಿದ್ದೆ ಬಂದಿದೆ, ನೀವು ಹೊರಡಿ,” ಎಂಬ ಮಾತು ಬಂತು.

ಪ್ರಬಂಧ ಅಲ್ಲಿಗೇ ನಿಂತಿತು. ಸೊಸೆಯನ್ನು ಸೂಕ್ಷ್ಮದರ್ಶಕದ ಮುಂದಿನಿಂದ ಎಬ್ಬಿಸಿ ಗಾಜಿನ ಪಾತ್ರೆ ತೊಳೆಯಲು ಹಾಕಿದರು. ಸುದ್ದಿ ಕೇಳಿ ಅತ್ತೆ, “ಅಲ್ಲೂ ತೊಳೆಯೋದೇನಾ? ಹಾಗಾದ್ರೆ ಇಲ್ಲಿನ ಬಕೆಟ್ಟು ಇವತ್ತು ನಾನೇ ತೊಳಿತೀನಿ ಬಿಡು,” ಎಂದಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಅತ್ತೆಯಿಂದ ಸಿಕ್ಕ ಮೊದಲ ಬಡ್ತಿ ಅದು.

ದರ್ಜೆ ಕೊಡುವ ಕುರ್ಚಿಗೆ, ಸುಳ್ಳು ಹೇಳಲು ಬಾರದವನೆಂದು, ನಡುಕದ ಡಾಕ್ಟರನ್ನೇ ಕೂರಿಸಿದರು. ಒಮ್ಮೆ ಜೀವಂತ ಕರು ಕಂಡವನು ಅವನು. ಅಲ್ಲಿಂದಾಚೆಗೆ ಪ್ರಯೋಗಾಲಯದಲ್ಲಿ ‘ಕೆಟ್ಟ’ ಭ್ರೂಣಗಳು ಇದ್ದಕ್ಕಿದ್ದಂತೆ ಹೆಚ್ಚಾಗಿವೆ. ಮುಖ್ಯಸ್ಥರು ಭ್ರೂಣ ಬೆಳೆಸುವ ದ್ರವವನ್ನು ಬದಲಿಸಿದರು, ಅವನ್ನಿಡುವ ಪೆಟ್ಟಿಗೆಯ ಶಾಖ ಬದಲಿಸಿದರು, ಈಗ ಗೋಡೆಯ ಬಣ್ಣ ಬದಲಿಸುತ್ತಿದ್ದಾರೆ. ಕಾರಣ ಕೇಳಿದರೆ ಈ ಸಲವೂ ನಿಜವನ್ನೇ ಹೇಳಬೇಕು ಎಂದು ಸೊಸೆ ನಿಶ್ಚಯಿಸಿದ್ದಾಳೆ. ಪಾತ್ರೆ ತೊಳೆಯುವವಳನ್ನು ಯಾರೂ ಕೇಳುತ್ತಿಲ್ಲ.