ಬೇಡವೆಂದ ಪ್ರಾರ್ಥನೆ

ಬೇಸಿಗೆ ಕಾಲಿಡುತ್ತಿದ್ದ ದಿನಗಳು. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಶುರುವಾಯಿತು. ದರ್ಜಿಯನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಅವನ ಹೆಂಡತಿ ಪಾತ್ರೆ ಒರೆಸುತ್ತಿದ್ದಾಗ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಗಾಲಿ ತಿರುಗಿದ ಸದ್ದಾಯಿತು. ಹೋಗಿ ನೋಡಿದರೆ ಯಂತ್ರಕ್ಕೆ ಹೊದಿಸಿದ ಬಟ್ಟೆ ಹಾಗೇ ಇತ್ತು.

ಅವಳು ಕಥೋಲಿಕಳು, ಅವನು ಪ್ರಾಟೆಸ್ಟೆಂಟರ ಸುಧಾರಿತ ಸಭೆಯವನು. ಮೂವತ್ತು ವರ್ಷ ಭಾನುವಾರ ಒಂದೇ ಬಾಗಿಲಿಂದ ಹೊರಟು, ಬೀದಿಯ ತುದಿಯಲ್ಲಿ ಅವಳು ಎಡಕ್ಕೆ, ಅವನು ಬಲಕ್ಕೆ. ಹಾಸಿಗೆ ಹಿಡಿದಾಗ ಅವನು ಭಾಷೆ ತೆಗೆದುಕೊಂಡಿದ್ದ.

"ನಾನು ಹೋದ್ಮೇಲೆ ನನಗೋಸ್ಕರ ಪ್ರಾರ್ಥನೆ ಮಾಡ್ಬೇಡ ಕಣೇ. ದೇವರು ನನ್ನನ್ನ ಕ್ಷಮಿಸಿ ಆಗಿದೆ, ನನ್ನ ಯೋಗ್ಯತೆ ನೋಡಿ ಅಲ್ಲ. ಅದನ್ನ ಖಾತ್ರಿಯಾಗಿ ಹಿಡ್ಕೊಳ್ಳೋದೇ ವಿಶ್ವಾಸ. ಹೊಲಿದು ಮುಗಿದ ಅಂಗಿಗೆ ಮತ್ತೆ ಹೊಲಿಗೆ ಹಾಕ್ತಾರಾ?"

"ಗುಂಡಿ ಹಾಕೋದು ಬಾಕಿ ಇದ್ರೆ?" ಎಂದಿದ್ದಳು. "ನಮ್ಮಲ್ಲಿ ಅಷ್ಟು ಧೈರ್ಯವಾಗಿ ಹೇಳಲ್ಲ ರೀ. ನಿರೀಕ್ಷೆ ಇಟ್ಕೋತೀವಿ, ಬೇಡ್ಕೋತೀವಿ."

ಅವನು ಕೆಮ್ಮುತ್ತಲೇ ನಕ್ಕು ಕೈ ಚಾಚಿದ. ಅವಳು ಕೈ ಮೇಲೆ ಕೈ ಇಟ್ಟಳು.

ಈಗ ದಿನಾ ಮೂರಕ್ಕೆ ಆ ಸದ್ದು. ತನ್ನವನು ಸ್ವರ್ಗ ಸೇರುವ ಮುಂಚೆ ಪಾಪ ಕಳೆಯುವ ಶುದ್ಧೀಕರಣದ ಬೆಂಕಿಯಲ್ಲಿ ನಿಂತು, ಪ್ರಾರ್ಥನೆಗಾಗಿ ಕರೆಯುತ್ತಿದ್ದಾನೆಯೇ? ಬೇಡಿಕೊಂಡರೆ ಕೊಟ್ಟ ಮಾತು ಹೋಗುತ್ತದೆ. ಬೇಡದಿದ್ದರೆ ಅವನನ್ನೇ ಕೈಬಿಟ್ಟಂತೆ.

ಮನೆಯಲ್ಲೇ ಇದ್ದ ನಾದಿನಿ ಅಣ್ಣನ ಸಭೆಯವಳೇ. "ಇಲಿ ಅತ್ತಿಗೆ, ಇಲಿ! ಅಣ್ಣ ಸೇರ್ಬೇಕಾದ ಕಡೆ ಸೇರಿ ಆಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಶುಕ್ರವಾರ ದರ್ಜಿಯ ಹೆಂಡತಿ ಪೇಟೆಯಿಂದ ಬೇಗ ಬಂದಳು. ನಾದಿನಿ ನೆಲದ ಮೇಲೆ ಕೂತು ಗಾಲಿಯನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಬೆರಳುಗಳು ಬಿಳುಚಿದ್ದವು.

"ನಿಂಗೂ ಕೇಳ್ಸುತ್ತಾ?"

"ಕೇಳಿಸ್ಬಾರ್ದು ಅತ್ತಿಗೆ! ಕೇಳಿಸಿದ್ರೆ ಅಣ್ಣ ಅಷ್ಟು ಗಟ್ಟಿಯಾಗಿ ಹೇಳಿದ್ದು ಏನಾಗ್ಬೇಕು?"

ಅವಳ ಹಿಡಿತದೊಳಗೇ ಗಾಲಿ ಅದೇ ಸದ್ದಿನೊಂದಿಗೆ ಕದಲಿತು. ದರ್ಜಿಯ ಹೆಂಡತಿ ಇನ್ನು ತಾಳಲಿಲ್ಲ. ಜಪಮಾಲೆ ಹುಡುಕಲೂ ಹೋಗದೆ ಮೊಣಕಾಲೂರಿ, ಗಂಡನ ಆತ್ಮಕ್ಕೆ ಶಾಂತಿ ಕೊಡಪ್ಪಾ ಎಂದು ಬೇಡಿದಳು. ಸದ್ದು ನಿಂತಿತು.

ಮರುದಿನ ಮೂರಕ್ಕೆ ಇಬ್ಬರೂ ಕಿವಿಗೊಟ್ಟು ಕೂತರು. ಏನೂ ಇಲ್ಲ. ಭಾನುವಾರವೂ ಇಲ್ಲ. ದರ್ಜಿಯ ಹೆಂಡತಿಗೆ ಕಣ್ಣು ತುಂಬಿ ಬಂತು. ನಾದಿನಿಯ ಮುಖ ಮಾತ್ರ ಸುಣ್ಣ ಬಳಿದಂತಾಗಿತ್ತು.

"ನಿಮ್ಮ ಮೇಲೆ ಕೋಪ ಇಲ್ಲ ಅತ್ತಿಗೆ. ಆದ್ರೆ ಅದು ನಿಲ್ಬಾರ್ದಿತ್ತು. ಬೇಡ್ಕೊಂಡ ಕೂಡ್ಲೇ ನಿಂತಿತು ಅಂದ್ರೆ, ಅಣ್ಣನಿಗೆ ಪ್ರಾರ್ಥನೆ ಬೇಕಿತ್ತು ಅಂತಾಯ್ತಲ್ಲ? ಈ ಮನೇಲಿ ಕೂತು ನಾನದನ್ನ ಯೋಚ್ನೆ ಮಾಡಲಾರೆ."

ಸೋಮವಾರ ಬೆಳಿಗ್ಗೆ ನಾದಿನಿ ಒಂದು ಪೆಟ್ಟಿಗೆ ಹಿಡಿದು ಹೊರಟುಹೋದಳು.