ಜರಿದ ಗುಡ್ಡದ ಜಿಂಕೆಗಳು

ಉರೆವೆರಾ ಕಾಡಿನೊಳಗೆ ಗುಡ್ಡ ಜರಿದು ಹುಲ್ಲು ಬೆಳೆದ ಒಂದು ಬಯಲಿತ್ತು. ಮೇಲಂಚಿನ ಬಂಡೆಗೆ ಬೆನ್ನು ಕೊಟ್ಟು ನಸುಕಿನಲ್ಲಿ ಕೂತರೆ ಸಾಕು, ಜಿಂಕೆ ಬಂದೇ ಬರುತ್ತಿತ್ತು. ತೀಮೊತಿ ತನ್ನ ಮದುವೆಯ ಊಟಕ್ಕೂ ಅಲ್ಲಿಂದಲೇ ಜಿಂಕೆ ಹೊತ್ತು ತಂದವನು. ಅಂಥ ಜಾಗ ಎರಡು ವರ್ಷದಿಂದ ಅವನಿಗೆ ಮುಖ ತಿರುಗಿಸಿಕೊಂಡಿತ್ತು. ಹೆಂಡತಿ ಮೇರೆಯಾನಾ ತೀರಿಕೊಂಡ ಮೇಲೆ ಒಂದು ಕೊಂಬಿನ ತುದಿಯೂ ಕಂಡಿರಲಿಲ್ಲ.

ಬರುವ ಶನಿವಾರ ಅವಳ ಸಮಾಧಿಗಲ್ಲಿನ ಹೊದಿಕೆ ತೆಗೆಯುವ ಶಾಸ್ತ್ರ. ಊರಿಗೆ ಊರೇ ಬರುತ್ತದೆ. ನೆಲದೊಲೆಯಲ್ಲಿ ಗೆಣಸು, ಆಲೂಗಡ್ಡೆ, ಹಂದಿಮಾಂಸ ಎಲ್ಲ ಬೇಯುತ್ತವೆ. ಆದರೆ ಅವಳ ಹೆಸರಿನ ಊಟದಲ್ಲಿ ತಾನು ತಂದ ಜಿಂಕೆ ಇರಲೇಬೇಕೆಂಬುದು ತೀಮೊತಿಯ ಹಟ. ಇಷ್ಟೂ ಮಾಡಲಾಗದಿದ್ದರೆ ಯಾವ ಮುಖ ಹೊತ್ತು ಆ ಕಲ್ಲಿನೆದುರು ನಿಲ್ಲಲಿ ಎಂದು ಒಳಗೇ ಬೇಯುತ್ತಿದ್ದ.

ಬುಧವಾರವೂ ಬರಿಗೈ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಊರ ನಾಯಿಗಳನ್ನು ಬೈದ, ಮೇಲೆ ಹಾರುವ ಹೆಲಿಕಾಪ್ಟರನ್ನು ಬೈದ. ಕಡೆಗೆ ಮೇರೆಯಾನಾಳ ತಮ್ಮ ಹೋಹೇಪನ ಮೇಲೆ ಕಣ್ಣು ಬಿತ್ತು. ಆ ಮಹರಾಯ ಎರಡು ವರ್ಷದಿಂದ ಆಗಾಗ ಒಂದು ಜಿಂಕೆ ತೊಡೆ ತಂದು ಇವನ ಬಾಗಿಲಿಗೆ ತೂಗುಹಾಕಿ ಹೋಗುತ್ತಿದ್ದ. ಇವನೂ ಬಾಯಿ ಚಪ್ಪರಿಸಿಕೊಂಡು ತಿಂದಿದ್ದ. ಅಷ್ಟು ಜಿಂಕೆ ಅವನಿಗೆ ಎಲ್ಲಿಂದ ಎಂಬುದು ಹೊಟ್ಟೆ ತುಂಬಿದಾಗ ಹೊಳೆದಿರಲಿಲ್ಲ, ಈಗ ಹೊಳೆಯಿತು. ನೇರ ಅವನ ಮನೆಗೇ ಹೋದ.

ಹೋಹೇಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ.

“ನನ್ನ ಜಾಗಕ್ಕೇ ಕೈ ಹಾಕಿದೀಯೇನೋ?”

“ನಿನ್ನ ಜಾಗಕ್ಕೆ ನಾನ್ಯಾಕೆ ಬರ್ಲಿ ಭಾವ? ನಾನು ಕೆಳಗೆ ಹಳ್ಳದ ಹತ್ರ ಕೂತಿರ್ತೀನಿ. ಜಿಂಕೆಗಳನ್ನ ನೀನೇ ಓಡಿಸಿ ಕಳಿಸ್ತೀಯಲ್ಲ.”

“ನಾನಾ? ನಾನು ಉಸಿರು ಬಿಗಿಹಿಡ್ಕೊಂಡು ಕೂತಿರ್ತೀನಿ ಕಣೋ.”

“ಉಸಿರು ಬಿಗಿಹಿಡ್ಕೊಂಡು ಹಾಡೋದನ್ನ ಎಲ್ಲಿ ಕಲ್ತೆ?” ಹೋಹೇಪ ಕೊಡಲಿ ಕೆಳಗಿಟ್ಟ. “ಕಿವಿ ಮಂದ ಆಗಿದೆ ನಿಂಗೆ. ನಿನ್ನ ದನಿ ನಿಂಗೇ ಕೇಳ್ಸಲ್ಲ. ಕೂತು ಹತ್ತು ನಿಮಿಷ ಆಗಿರಲ್ಲ, ಶುರು ಹಚ್ಕೋತೀಯ. ಹಳ್ಳದವರೆಗೂ ಕೇಳ್ಸುತ್ತೆ. ಜಿಂಕೆ ಬೆದರಿ ನನ್ನ ಕೋವಿ ಮುಂದೇನೇ ಇಳಿಯುತ್ತೆ. ತೊಡೆ ತಂದು ಕೊಡ್ತಿದ್ನಲ್ಲ, ಅದೇನು ದಾನ ಅನ್ಕೊಂಡ್ಯಾ? ನಿನ್ನ ಪಾಲು ಅದು.”

ತೀಮೊತಿಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. “ಏನು ಹಾಡ್ತೀನಿ?”

“ಅಕ್ಕ ಆಲೂಗಡ್ಡೆ ಹೆರೆಯುವಾಗ ಹಾಡ್ಕೋತಿದ್ಲಲ್ಲ, ಅದೇ.”

ತೀಮೊತಿ ಸೌದೆ ರಾಶಿಯ ಮೇಲೆ ಕೂತ. ಆ ಹಾಡು ಅವಳ ಜೊತೆ ಮಣ್ಣಿಗೆ ಹೋಯಿತೆಂದೇ ತಿಳಿದಿದ್ದ. ಎಷ್ಟೋ ಸಲ ನೆನಪಿಸಿಕೊಳ್ಳಲು ಹೋಗಿ, ಎರಡನೇ ಸಾಲು ಬಾರದೆ ಕೈಬಿಟ್ಟಿದ್ದ.

“ಪೂರ್ತಿ ಹಾಡ್ತೀನಾ?”

“ಒಂದು ಸಾಲೂ ಬಿಡಲ್ಲ.”

“ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲೋ ಕಳ್ಳ.”

“ಹೇಳಿದ್ರೆ ನೀನು ಹಾಡೋದೇ ನಿಲ್ಲಿಸ್ಬಿಡ್ತಿದ್ದೆ.” ಹೋಹೇಪ ನೆಲ ನೋಡುತ್ತ ಹೇಳಿದ. “ನಾನು ಹಳ್ಳಕ್ಕೆ ಹೋಗೋದು ಬರೀ ಜಿಂಕೆಗಲ್ಲ ಭಾವ.”

ತೀಮೊತಿ ಎದ್ದು, ತಮ್ಮವರ ಪದ್ಧತಿಯಂತೆ ಅವನ ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತ. ಜಗಳಕ್ಕೆಂದು ಬಂದವನಿಗೆ ಈ ಹುಡುಗನ ಋಣ ಎಂದಾದರೂ ತೀರುವುದುಂಟೇ ಅನ್ನಿಸಿ ಕಣ್ಣು ತುಂಬಿತು. ಹುಡುಗನೇನು, ಅವನಿಗೂ ಅರವತ್ತಾಗಿತ್ತು.

ಶುಕ್ರವಾರ ನಸುಕಿಗೆ ತೀಮೊತಿ ಕೋವಿಯನ್ನು ಮನೆಯಲ್ಲೇ ಬಿಟ್ಟು ಗುಡ್ಡ ಹತ್ತಿದ. ಹಟವನ್ನು ಮಾತ್ರ ಬಿಟ್ಟಿರಲಿಲ್ಲ. ಹಳ್ಳದಲ್ಲಿ ಕಾದಿರುವ ಹೋಹೇಪನ ಕೋವಿಯ ಮುಂದಕ್ಕೆ ಜಿಂಕೆಯನ್ನು ತರುವವನು ಇವತ್ತೂ ತಾನೇ. ಬಂಡೆಗೊರಗಿ ಗಂಟಲು ಸರಿಮಾಡಿಕೊಂಡು ಬೇಕೆಂದೇ ದನಿಯೆತ್ತಿದ. ಎರಡನೇ ಸಾಲು ತಾನಾಗಿ ಬಂತು. ಮೂರನೆಯದರ ನಡುವೆ ಕೆಳಗಿನಿಂದ ಗುಂಡಿನ ಸದ್ದು ಮೊಳಗಿತು. ಅದು ಅವನ ಕಿವಿಗೂ ಕೇಳಿಸಿತು.

ಊಟಕ್ಕೆ ಜಿಂಕೆಯಾಯಿತು. ಇಳಿದು ಹೋಗಿ ಹೊರಲು ಕೈಜೋಡಿಸಬೇಕಿತ್ತು. ಆದರೆ ಹಳ್ಳದಲ್ಲಿ ಮೇರೆಯಾನಾಳ ತಮ್ಮ ಇನ್ನೂ ಕೇಳುತ್ತ ನಿಂತಿರುತ್ತಾನೆಂದು ಅವನಿಗೆ ಗೊತ್ತಿತ್ತು. ಹಾಡು ಮುಗಿಸಿಯೇ ಎದ್ದ.